ಹಲ್ಲಿನ ಭಯಕ್ಕೆ ಮೂಗಿನಿಂದ ಮದ್ದು

ಗುಡ್ಡಗಳ ಇಕ್ಕಟ್ಟಿನಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ನವಿಲುತೀರ್ಥದ ಸುತ್ತಲಿನ ಊರುಗಳಲ್ಲಿ, ಮುನವಳ್ಳಿಯಿರಲಿ ಸವದತ್ತಿಯಿರಲಿ, ಹಲ್ಲುನೋವಿಗೆ ಮೊದಲ ಮದ್ದು ಲವಂಗ. ಅದರೊಳಗಿನ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮಂಕಾಗಿಸುವುದು ನಿಜ. ಅದಾದ ಮೇಲೆ ಔಷಧಿ ಅಂಗಡಿಯ ಗುಳಿಗಿ. ಎರಡೂ ಸೋತು ದವಾಖಾನಿಗೆ ಬಂದವರ ಮಾತು ಬಹುತೇಕ ಒಂದೇ: “ಸರ, ಸೂಜಿ ಬ್ಯಾಡ್ರಿ, ಗುಳಿಗಿನ ಬರದ ಕೊಡ್ರಿ.” ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ಹಳೆಯ ನಂಬಿಕೆಯೂ ಅಂಜಿಕೆಗೆ ಇಂಬು ಕೊಡುತ್ತದೆ. ಹಲ್ಲಿನ ನೋವನ್ನು ಮಿದುಳಿಗೆ ಒಯ್ಯುವ ನರವೇ ಬೇರೆ, ನೋಟವನ್ನು ಒಯ್ಯುವ ನರವೇ ಬೇರೆ. ಆದರೆ ಇದನ್ನು ಬಿಡಿಸಿ ಹೇಳಿದ ಮಾತ್ರಕ್ಕೆ ಕುರ್ಚಿಯ ಹಿಡಿಯನ್ನು ಬಿಗಿದುಕೊಂಡ ಕೈ ಸಡಿಲವಾಗುವುದಿಲ್ಲ.

ಈ ಅಂಜಿಕೆಗೆ ತೆರುವ ಬೆಲೆ ದೊಡ್ಡದು, ಮತ್ತು ಅದರ ಹಿಂದೆ ರಸಾಯನಶಾಸ್ತ್ರವಿದೆ. ಒಸಡಿಗೆ ಚುಚ್ಚುವ ಮರಗಟ್ಟಿಸುವ ಮದ್ದು ಸಾಮಾನ್ಯವಾಗಿ ಲಿಗ್ನೋಕೇನ್. ದೇಹದೊಳಗೆ ಹೋದಾಗ ಅದರ ಅಣುಗಳು ಎರಡು ಬಗೆಯಲ್ಲಿರುತ್ತವೆ: ವಿದ್ಯುದಾವೇಶ ಇರುವವು, ಇಲ್ಲದವು. ನರದ ಹೊರಪೊರೆ ಜಿಡ್ಡಿನದಾದ್ದರಿಂದ ಆವೇಶವಿಲ್ಲದ ಅಣುಗಳಷ್ಟೇ ಅದನ್ನು ದಾಟಬಲ್ಲವು. ಆರೋಗ್ಯವಂತ ಅಂಗಾಂಶದ ಪಿಎಚ್ 7.4 ಇದ್ದಾಗ ಅಂಥವು ಸುಮಾರು ಕಾಲು ಭಾಗ. ಕೀವು ತುಂಬಿ ಆ ಜಾಗ ಆಮ್ಲೀಯವಾಗಿ ಪಿಎಚ್ 6ಕ್ಕೆ ಇಳಿದರೆ ನೂರಕ್ಕೆ ಒಂದರ ಆಸುಪಾಸು. ಸೂಜಿಗೆ ಹೆದರಿ ತಿಂಗಳುಗಟ್ಟಲೆ ಮುಂದೂಡಿದವರಿಗೆ ಕೊನೆಗೆ ಅದೇ ಸೂಜಿ ಸರಿಯಾಗಿ ಕೆಲಸ ಮಾಡದಿರಲು ಇದೊಂದು ಮುಖ್ಯ ಕಾರಣ. ನೋವಾಗುತ್ತದೆ, ಅಂಜಿಕೆ ಇಮ್ಮಡಿಸುತ್ತದೆ, ಮುಂದಿನ ಹಲ್ಲಿಗೆ ಅವರು ಇನ್ನೂ ತಡವಾಗಿ ಬರುತ್ತಾರೆ. ಅಂಜಿಕೆಯನ್ನೂ ಒಂದು ಕಾಯಿಲೆಯಂತೆ ಕಂಡು ಅದಕ್ಕೆ ಮೊದಲೇ ಮದ್ದು ಕೊಡುವುದು ಇದಕ್ಕಾಗಿ.

ಆ ಮದ್ದುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ನಗೆ ಅನಿಲದ ಯಂತ್ರ. ನೋಡಲು ಅಂಥ ಬೆರಗಿನದೇನಲ್ಲ. ಗಾಲಿಗಳ ಮೇಲೆ ಒಂದು ಚೌಕಟ್ಟು, ನೀಲಿ ಬಣ್ಣದ ಸಿಲಿಂಡರಿನಲ್ಲಿ ನಗೆ ಅನಿಲ ಅಂದರೆ ನೈಟ್ರಸ್ ಆಕ್ಸೈಡ್, ಬಿಳಿ ಕತ್ತಿನ ಕಪ್ಪು ಸಿಲಿಂಡರಿನಲ್ಲಿ ಆಮ್ಲಜನಕ. ಎರಡರ ಹರಿವನ್ನೂ ತೋರಿಸುವ ಗಾಜಿನ ಕೊಳವೆಗಳು, ಬೆರೆತ ಅನಿಲ ತುಂಬಿಕೊಳ್ಳುವ ರಬ್ಬರ್ ಚೀಲ, ಕೊನೆಗೆ ಮೂಗನ್ನು ಮಾತ್ರ ಮುಚ್ಚುವ ಪುಟ್ಟ ಮಾಸ್ಕ್. ಬಾಯಿ ವೈದ್ಯರ ಕೆಲಸಕ್ಕೆ ತೆರೆದೇ ಇರಬೇಕಲ್ಲ.

ಮೊದಲು ಬರೀ ಆಮ್ಲಜನಕ ಕೊಡುತ್ತಾರೆ. ಬಳಿಕ ನೈಟ್ರಸ್ ಅನ್ನು ನೂರಕ್ಕೆ ಐದೋ ಹತ್ತೋ ಪಾಲಿನಂತೆ ಏರಿಸುತ್ತ ಹೋಗುತ್ತಾರೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರಿನ ಮಟ್ಟ ನೋಡುತ್ತ ಗೇಟನ್ನು ಎಷ್ಟು ಎತ್ತಬೇಕೆಂದು ತೀರ್ಮಾನಿಸುವ ಹಾಗೆ, ಇಲ್ಲಿ ರೋಗಿಯ ಮುಖ ನೋಡುತ್ತ ಗುಂಡಿ ತಿರುಗಿಸುವುದು. ಬೆರಳ ತುದಿ ಜುಮ್ಮೆನ್ನುತ್ತದೆ, ಕೈಕಾಲು ಬೆಚ್ಚಗಾಗುತ್ತವೆ, ಭುಜ ಸಡಿಲವಾಗುತ್ತದೆ. ಹೆಚ್ಚಿನವರಿಗೆ 30ರಿಂದ 50 ಪಾಲಿನೊಳಗೇ ಸಾಕು. ಎಚ್ಚರ ತಪ್ಪುವುದಿಲ್ಲ, ಬಾಯಿ ತೆರೆಯಿರಿ ಅಂದರೆ ತೆರೆಯುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಈ ಅನಿಲ ರಕ್ತದಲ್ಲಿ ಬಹಳ ಕಡಿಮೆ ಕರಗುತ್ತದೆ. ಹಾಗಾಗಿ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಮುಟ್ಟುತ್ತದೆ, ನಿಲ್ಲಿಸಿದೊಡನೆ ಅಷ್ಟೇ ಬೇಗ ಉಸಿರಿನ ಜೊತೆ ಹೊರಬೀಳುತ್ತದೆ. ಹೊರಬೀಳುವಾಗ ಶ್ವಾಸಕೋಶದಲ್ಲಿ ಆಮ್ಲಜನಕದ ಜಾಗ ಕಬಳಿಸಬಾರದೆಂದು ಕೊನೆಯ ಐದು ನಿಮಿಷ ಮತ್ತೆ ಬರೀ ಆಮ್ಲಜನಕ.

ಯಂತ್ರದೊಳಗೆ ಎರಡು ಕಾವಲುಗಳಿವೆ. ಗುಂಡಿಯನ್ನು ಎಷ್ಟೇ ತಿರುಗಿಸಿದರೂ ಮಿಶ್ರಣದಲ್ಲಿ ಆಮ್ಲಜನಕ ನೂರಕ್ಕೆ 30 ಪಾಲಿಗಿಂತ ಕೆಳಗಿಳಿಯುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿರುವುದೇ 21 ಪಾಲು. ಆಮ್ಲಜನಕದ ಸಿಲಿಂಡರ್ ಖಾಲಿಯಾದರೆ ನೈಟ್ರಸ್ ತಾನಾಗಿಯೇ ನಿಂತುಹೋಗುತ್ತದೆ.

ಹಿಂದೆ ಈ ಕಾವಲುಗಳಿರಲಿಲ್ಲ. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ನಗೆ ಅನಿಲದ ಪ್ರದರ್ಶನ ನಡೆದಾಗ, ಅದನ್ನು ಸೇದಿದ ಒಬ್ಬಾತ ಕಾಲಿಗೆ ಗಾಯವಾಗಿದ್ದರೂ ನೋವೇ ಇಲ್ಲವೆಂದ. ಅಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಮಾರನೆಯ ದಿನವೇ ತಾನು ಅನಿಲ ಸೇದಿ, ಸಹೋದ್ಯೋಗಿ ಜಾನ್ ರಿಗ್ಸ್ ಕೈಯಲ್ಲಿ ತನ್ನ ದವಡೆ ಹಲ್ಲು ಕೀಳಿಸಿಕೊಂಡ. ಮುಂದಿನ ವರ್ಷ ಬಾಸ್ಟನ್ನಿನಲ್ಲಿ ವೈದ್ಯರೆದುರು ತೋರಿಸಲು ಹೋದಾಗ ರೋಗಿ ಕೂಗಿಕೊಂಡ, ವೆಲ್ಸ್ ನಗೆಪಾಟಲಾದ. ಅನಿಲವನ್ನು ಬೇಗ ತೆಗೆದದ್ದು ಕಾರಣವೆನ್ನುತ್ತಾರೆ. ಈ ಅನಿಲದ ಶಕ್ತಿಯೇ ಅಷ್ಟು: ಸಾಕಷ್ಟು ಆಮ್ಲಜನಕ ಬೆರೆಸಿದಾಗ ಅದೊಂದೇ ಪೂರ್ತಿ ಅರಿವಳಿಕೆ ತರಲಾರದು. ಶಸ್ತ್ರಕ್ರಿಯೆಗೆ ಅದು ಕೊರತೆ, ಅಂಜಿಕೆ ಇಳಿಸುವ ಕೆಲಸಕ್ಕೆ ಅದೇ ವರ.

ಆದ್ದರಿಂದ ಹಲ್ಲು ಕೀಳುವಾಗ ಮರಗಟ್ಟಿಸುವ ಸೂಜಿ ಬೇಕೇ ಬೇಕು. ಅನಿಲ ಬಂದರೆ ಸೂಜಿ ತಪ್ಪಿತು ಎಂದುಕೊಂಡು ಹೋದವರಿಗೆ ನಿರಾಸೆಯಾದೀತು. ಸೂಜಿ ಬರುವಾಗ ಅದನ್ನು ಸಹಿಸುವ ಮನಸ್ಸನ್ನು ಅನಿಲ ಕೊಡುತ್ತದೆ, ಅಷ್ಟೆ. ಬಾಯಿಗೆ ಏನಿಟ್ಟರೂ ವಾಕರಿಕೆ ಬರುವವರಿಗೂ ಇದು ಒಳ್ಳೆಯದು. ನೆಗಡಿಯಿಂದ ಮೂಗು ಕಟ್ಟಿದ್ದರೆ, ಬಸಿರಿನ ಮೊದಲ ಮೂರು ತಿಂಗಳಾದರೆ, ಇತ್ತೀಚೆಗೆ ಕಿವಿಯ ಶಸ್ತ್ರಕ್ರಿಯೆಯಾಗಿದ್ದರೆ ಬೇಡ. ಇನ್ನೊಂದು ಮಾತು ನಮ್ಮ ಭಾಗದ ಶಾಕಾಹಾರಿ ಮನೆಗಳಿಗೆ: ಅಂಥವರಲ್ಲಿ ಮೊದಲೇ ಕಡಿಮೆಯಿರಬಹುದಾದ ಬಿ12 ಜೀವಸತ್ವವನ್ನು ನೈಟ್ರಸ್ ಆಕ್ಸೈಡ್ ನಿಷ್ಕ್ರಿಯಗೊಳಿಸುತ್ತದೆ. ಆರೋಗ್ಯವಂತರಿಗೆ ಒಂದು ಸಲದ ಬಳಕೆಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಬಿ12 ಕೊರತೆ ಇದೆಯೆಂದು ಹಿಂದೆ ಹೇಳಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ, ವೈದ್ಯರಿಗೆ ಮೊದಲೇ ತಿಳಿಸಬೇಕು.

ಅನಿಲ ಸಾಲದವರಿಗೆ ಮಿಡಜೋಲಾಮ್ ಇದೆ. ಮಕ್ಕಳಿಗೆ ಕುಡಿಸುತ್ತಾರೆ, ದೊಡ್ಡವರಿಗೆ ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡುತ್ತಾರೆ. ನಡೆದದ್ದು ಎಷ್ಟೋ ಜನರಿಗೆ ನೆನಪೇ ಉಳಿಯುವುದಿಲ್ಲ. ಆದರೆ ಇದು ಉಸಿರಾಟವನ್ನು ತಗ್ಗಿಸಬಲ್ಲದು. ಬೆರಳಿಗೆ ಪಲ್ಸ್ ಆಕ್ಸಿಮೀಟರ್, ಕೈಯಳತೆಯಲ್ಲಿ ಫ್ಲೂಮಾಜೆನಿಲ್ ಎಂಬ ಪ್ರತಿಮದ್ದು, ಪಕ್ಕದಲ್ಲಿ ಪಳಗಿದ ಸಿಬ್ಬಂದಿ, ಈ ಮೂರೂ ಇಲ್ಲದ ಕಡೆ ಒಪ್ಪಿಕೊಳ್ಳಬೇಡಿ. ಅವತ್ತು ಬೈಕ್ ಹೊಡೆಯುವಂತಿಲ್ಲ, ಒಬ್ಬರೇ ಬಸ್ ಹತ್ತುವಂತಿಲ್ಲ, ಕಾಗದಪತ್ರಕ್ಕೆ ಸಹಿ ಹಾಕುವಂತಿಲ್ಲ. ತೀರಾ ಚಿಕ್ಕ ಮಕ್ಕಳಿಗೆ, ಬುದ್ಧಿಮಾಂದ್ಯತೆ ಇರುವವರಿಗೆ ಹಲವು ಹಲ್ಲುಗಳ ಕೆಲಸ ಒಂದೇ ಸಲ ಮುಗಿಸಬೇಕಾದಾಗ ಪೂರ್ತಿ ಅರಿವಳಿಕೆ. ಅದು ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು.

ಸವದತ್ತಿಯವರಿಗೆ ಹತ್ತಿರದ ದೊಡ್ಡ ನೆಲೆಯೆಂದರೆ ಸುಮಾರು 40 ಕಿಲೋಮೀಟರ್ ದೂರದ ಧಾರವಾಡ. ಅಲ್ಲಿ ಎಸ್‌ಡಿಎಂ ದಂತ ಮಹಾವಿದ್ಯಾಲಯವಿದೆ. ಬೈಲಹೊಂಗಲ, ಕಿತ್ತೂರಿನವರಿಗೆ ಬೆಳಗಾವಿಯ ಕೆಎಲ್ಇ ದಂತ ಮಹಾವಿದ್ಯಾಲಯವೂ ಇದೆ. ಹೊರಡುವ ಮುಂಚೆ ಮಕ್ಕಳ ದಂತ ವಿಭಾಗಕ್ಕೋ ಬಾಯಿ ಶಸ್ತ್ರಚಿಕಿತ್ಸಾ ವಿಭಾಗಕ್ಕೋ ಫೋನ್ ಮಾಡಿ, “ಅಂಜಿಕೆ ಭಾಳ ಅದ, ನಗೆ ಅನಿಲದ ಸೌಲಭ್ಯ ಅದನ್ರಿ, ಎಂದು ಬರಬೇಕು, ಏನು ಉಂಡು ಬರಬೇಕು” ಎಂದು ಕೇಳಿ. ಅಂಜಿಕೆಯನ್ನು ಬಾಯಿಬಿಟ್ಟು ಹೇಳಿದರೆ ವೈದ್ಯರು ಅದಕ್ಕೆ ತಕ್ಕಂತೆ ಸಮಯ ಕೊಟ್ಟು ಕೂರಿಸುತ್ತಾರೆ. ಈ ಯಂತ್ರ ತಾಲೂಕು ಆಸ್ಪತ್ರೆಗಳಲ್ಲೂ ಇರಬೇಕೆಂದು, ಅದನ್ನು ನಡೆಸುವ ತರಬೇತಿ ಅಲ್ಲಿನ ದಂತವೈದ್ಯರಿಗೆ ಸಿಗಬೇಕೆಂದು ಕೇಳುವ ಹಕ್ಕೂ ನಮಗಿದೆ. ಹಲ್ಲುನೋವಿನಲ್ಲಿ 40 ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಾಡಿ ಹೋಗುವಷ್ಟು ಗಟ್ಟಿ ಮನಸ್ಸಿನವರಿಗೆ ಈ ಅನಿಲ ಬೇಕಾಗುವುದೇ ಕಡಿಮೆ. ಬೇಕಾದವರು ಊರಲ್ಲೇ ಉಳಿದುಬಿಟ್ಟಿರುತ್ತಾರೆ.