ಕಿವಿಯೇ ಕಣ್ಣಾಗುವ ಗಣಕವಿದ್ಯೆ

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಅಂಧರು. ಕಿವಿಯನ್ನೇ ಕಣ್ಣಾಗಿಸಿಕೊಂಡ ಆ ಪುಣ್ಯಪುರುಷರು ಅನೇಕ ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ಇಂದು ರಾಣೆಬೆನ್ನೂರಿನ ಅಂಧ ವಿದ್ಯಾರ್ಥಿಗೆ ಗಣಕವಿದ್ಯೆಯೂ ಕಿವಿಯ ಮೂಲಕವೇ ದೊರೆಯಬಲ್ಲದು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಕ್ಕೆ ‘ಸ್ಕ್ರೀನ್ ರೀಡರ್’ ಎಂದು ಹೆಸರು.

ಇವುಗಳಲ್ಲಿ ‘ಜಾಸ್’ ಹಣ ಕೊಟ್ಟು ಕೊಳ್ಳತಕ್ಕದ್ದು; ಅದರ ಪರವಾನಗಿಯನ್ನು ಸಕ್ರಿಯಗೊಳಿಸಬೇಕಾಗುತ್ತದೆ. ಆಸ್ಟ್ರೇಲಿಯದ ಅಂಧ ತರುಣ ಮೈಕೆಲ್ ಕರ್ರನ್ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಉಚಿತವಾದುದು. ಅದರೊಡನೆ ಬರುವ ಇ-ಸ್ಪೀಕ್ ಧ್ವನಿಯು ಕನ್ನಡವನ್ನೂ ಓದುತ್ತದೆ.

ಅಳವಡಿಕೆಗೆ ಕಣ್ಣುಳ್ಳವರ ನೆರವು ಅನಿವಾರ್ಯವಲ್ಲ. ಇಂದಿನ ವಿಂಡೋಸ್ ಗಣಕದಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ನರೇಟರ್’ ಎಂಬ ಅಂತರ್ಗತ ಓದುಗ ಮಾತನಾಡುತ್ತದೆ. ಅದರ ನೆರವಿನಿಂದ ಎನ್‌ವಿಡಿಎ ಕಡತವನ್ನು ಇಳಿಸಿಕೊಂಡು ತೆರೆದರೆ, ಆ ತಂತ್ರಾಂಶ ತಾನೇ ನುಡಿಯತೊಡಗುತ್ತದೆ. ಟ್ಯಾಬ್ ಕೀಲಿಯಿಂದ ಮುಂದುವರಿದು, ನಿಬಂಧನೆಗೆ ಒಪ್ಪಿಗೆ ಸೂಚಿಸಿ, ಅಳವಡಿಸುವ ಗುಂಡಿಯನ್ನು ಒತ್ತಿದರಾಯಿತು. ಮುಂದೆ ಕಂಟ್ರೋಲ್, ಆಲ್ಟ್, ಎನ್ ಕೀಲಿಗಳಿಂದ ಅದನ್ನು ಬೇಕಾದಾಗ ಎಚ್ಚರಿಸಬಹುದು. ತಂದೆತಾಯಂದಿರು ವಾತ್ಸಲ್ಯದಿಂದ ಈ ಕಾರ್ಯವನ್ನು ತಾವೇ ಮಾಡಿ ಮುಗಿಸದೆ, ಮಗುವಿನ ಕೈಯಿಂದಲೇ ಮಾಡಿಸುವುದು ಲೇಸು.

ಆದರೆ ಒಂದು ತೊಡಕು ಮಗುವಿನ ಕೈಮೀರಿದ್ದು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಿಸಿದ ಕನ್ನಡವು ಈ ಓದುಗನಿಗೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಷ್ಟೆ. ಶಾಲೆಯ ಟಿಪ್ಪಣಿ, ಕಚೇರಿಯ ಪತ್ರ, ಮಠದ ಆಮಂತ್ರಣಗಳನ್ನು ಯೂನಿಕೋಡಿನಲ್ಲಿ ಬರೆದು ಕಳುಹಿಸಿದರೆ ಅಂಧರೂ ಅವನ್ನು ಸ್ವತಃ ಓದಿಕೊಳ್ಳುವರು. ಇದು ನಾವು ತೋರುವ ಕರುಣೆಯಲ್ಲ; ಅವರಿಗೆ ಸಲ್ಲಬೇಕಾದ ಅಕ್ಷರದ ಪಾಲು.