ಮುಪ್ಪಿಗೆ ಒಂದೇ ಊರುಗೋಲು ಸಾಲದು



ಕೈಕಾಲು ಗಟ್ಟಿ ಇರುವಾಗ ನಾವೆಲ್ಲ ದುಡಿಯುತ್ತೇವೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ. ದೇವನಹಳ್ಳಿಯಲ್ಲಿ ತೋಟದ ಕೆಲಸ. ಹೊಸಕೋಟೆ, ನೆಲಮಂಗಲದಲ್ಲಿ ಕೂಲಿ, ಕಾರ್ಖಾನೆ. ಕೈ ಸೋತ ಮೇಲೆ ಏನು ಮಾಡೋಣ? "ಸರ್ಕಾರ ಪಿಂಚಣಿ ಕೊಡುತ್ತಲ್ಲ" ಅಂತೀವಿ. ಕೊಡುತ್ತೆ, ನಿಜ. ಅದು ಎಷ್ಟು? ನೋಡೋಣ ಬನ್ನಿ.

ನಮ್ಮ ರಾಜ್ಯದಲ್ಲಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂತು. ಇದು 65 ವರ್ಷ ತುಂಬಿದ ಬಡವರಿಗೆ. ಸಣ್ಣ ರೈತರು, ಕೂಲಿಗಾರರು, ನೇಕಾರರು ಇದರಲ್ಲಿ ಸೇರುತ್ತಾರೆ. ಮೊದಲು ತಿಂಗಳಿಗೆ 400 ರೂಪಾಯಿ ಇತ್ತು. 2021ರಲ್ಲಿ 1,200 ಆಯಿತು. ಹಣ ಏರಿತು. ಅಕ್ಕಿ, ಬೇಳೆ, ಔಷಧಿಯ ಬೆಲೆಯೂ ಏರಿತು. ಮುಂದೆ ಎಷ್ಟು ಸಿಗುತ್ತೆ? ಯಾರೂ ಹೇಳಲಾರರು.

ಸರ್ಕಾರಿ ನೌಕರಿ ಇದ್ದವರಿಗೆ ಚಿಂತೆ ಇಲ್ಲ ಅಂತಾರೆ. ಅಲ್ಲೂ ಲೆಕ್ಕ ಬದಲಾಯಿತು. ಹಿಂದೆ ಕೊನೆಯ ಸಂಬಳ ನೋಡಿ ಪಿಂಚಣಿ ಕೊಡುತ್ತಿದ್ದರು. 2006ರ ಏಪ್ರಿಲ್ 1ರಿಂದ ಸೇರಿದ ಹೆಚ್ಚಿನವರಿಗೆ ಹಾಗಿಲ್ಲ. ಪ್ರತಿ ತಿಂಗಳೂ ಸಂಬಳದಲ್ಲಿ ಹಣ ಹಿಡಿಯುತ್ತಾರೆ. ಸರ್ಕಾರವೂ ಒಂದು ಪಾಲು ಹಾಕುತ್ತದೆ. ಕೂಡಿದ ಹಣ ಬೆಳೆದಷ್ಟೇ ಪಿಂಚಣಿ.

ಹಾಗಾದರೆ ನಾವು ಏನು ಮಾಡಬೇಕು?

ಒಂದು: ನಮಗೆ ಬರಬೇಕಾದ್ದನ್ನು ಬಿಡಬಾರದು. ವಯಸ್ಸು ತುಂಬಿದವರು, ಗಂಡನನ್ನು ಕಳೆದುಕೊಂಡವರು ನಾಡಕಚೇರಿಗೆ ಹೋಗಿ ಅರ್ಜಿ ಕೊಡಿ.

ಎರಡು: ವಯಸ್ಸಿರುವಾಗಲೇ ಕೂಡಿಡಬೇಕು. 2015ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂತು. 18ರಿಂದ 40 ವರ್ಷದವರು ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ಬ್ಯಾಂಕು, ಅಂಚೆ ಕಚೇರಿಯಲ್ಲಿ ಕೇಳಿ. 60 ವರ್ಷದ ಮೇಲೆ ತಿಂಗಳಿಗೆ 1,000 ರೂಪಾಯಿ ಬೇಕೇ? 18ಕ್ಕೆ ಸೇರಿದರೆ ತಿಂಗಳಿಗೆ 42 ರೂಪಾಯಿ ಕಟ್ಟಬೇಕು. 40ಕ್ಕೆ ಸೇರಿದರೆ 291 ರೂಪಾಯಿ. ನೋಡಿದಿರಾ, ತಡ ಮಾಡಿದಷ್ಟೂ ಹೊರೆ ಹೆಚ್ಚು. ಮನೆಯಲ್ಲಿ ವಯಸ್ಸಿಗೆ ಬಂದ ಮಗಳು, ಸೊಸೆ ಇದ್ದರೆ ಈಗಲೇ ಹೇಳಿ.

ಮೂರು: ಅದೊಂದನ್ನೇ ನಂಬಿ ಕೂರಬಾರದು. ಇವತ್ತಿನ ಸಾವಿರ ರೂಪಾಯಿಗೆ ಬರುವಷ್ಟು ಸಾಮಾನು ಇಪ್ಪತ್ತು ವರ್ಷದ ಮೇಲೆ ಬರಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ವಾರ ವಾರ ಉಳಿಸಿ. ಕುರಿಯೋ, ಹಸುವೋ ಕೈಗೆ ಆಸರೆ ಇರಲಿ. ಹನಿ ಹನಿ ಕೂಡಿದರೆ ಹಳ್ಳ ಅಲ್ಲವೇ?

ಈಗ ನಮಗೆ ಓದಲು ಬರುತ್ತೆ. ಪಾಸ್‌ಬುಕ್ಕನ್ನು ಬೇರೆಯವರ ಕೈಗೆ ಕೊಟ್ಟು ಕೇಳಬೇಕಿಲ್ಲ. ನಾವೇ ತೆರೆದು ನೋಡೋಣ. ಹೆಸರು ಸರಿ ಇದೆಯೇ? ಈ ತಿಂಗಳ ಹಣ ಬಂದಿದೆಯೇ? ನಮ್ಮ ನಂತರ ಹಣ ಯಾರಿಗೆ ಅಂತ ಬ್ಯಾಂಕಿನಲ್ಲಿ ಬರೆಸಿದ್ದೇವೆಯೇ?

ಓದಿ. ತಿಳಿಯದಿದ್ದರೆ ಕೇಳಿ. ಪಕ್ಕದ ಮನೆಯವರಿಗೂ ಹೇಳಿ.