ಗ್ಯಾಸ್ ಹೋಯಿತೆಂಬ ಒಂದೇ ಗುರುತು ಸಾಲದು

ಶಿವಾಜಿನಗರದ ಬೌರಿಂಗ್ ಮತ್ತು ಘೋಷಾ ಆಸ್ಪತ್ರೆ, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ, ಎಲ್ಲೇ ಆಗಲಿ, ಹೊಟ್ಟೆಯ ಆಪರೇಷನ್ ಆದವರ ಮಂಚದ ಬಳಿ ಕನ್ನಡ, ತಮಿಳು, ದಖನಿ ಎಲ್ಲ ಭಾಷೆಗಳಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ‘ಗ್ಯಾಸ್ ಹೋಯ್ತಾ?’ ಪ್ರಶ್ನೆಯಲ್ಲಿ ತಪ್ಪಿಲ್ಲ. ಅದರ ಉತ್ತರದ ಮೇಲೆಯೇ ಎಲ್ಲವನ್ನೂ ತೀರ್ಮಾನಿಸುವುದು ತಪ್ಪು. ‘ಇಲ್ಲ’ ಎಂದರೆ ಉಣ್ಣಬಹುದಾದವರನ್ನೂ ಉಪವಾಸ ಕೆಡವುತ್ತೇವೆ. ‘ಹೌದು’ ಎಂದರೆ ಅಪಾಯದಲ್ಲಿರುವವರನ್ನೂ ಮನೆಯಲ್ಲೇ ಉಳಿಸಿಕೊಳ್ಳುತ್ತೇವೆ.

ನಂಬಿಕೆ: ಗ್ಯಾಸ್ ಹೋಗುವ ತನಕ ಹನಿ ನೀರೂ ಕೊಡಬಾರದು.

ಸತ್ಯ: ಕರುಳನ್ನು ಮುಟ್ಟಿ ಸರಿಸಿದ್ದು, ಅರಿವಳಿಕೆ, ಮಾರ್ಫಿನ್ ಜಾತಿಯ ನೋವಿನ ಮದ್ದು, ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿರುವುದು, ಇವೆಲ್ಲ ಸೇರಿ ಆಪರೇಷನ್ ನಂತರ ಕರುಳಿನ ಚಲನೆ ಮಂದವಾಗುತ್ತದೆ. ಆದರೆ ಇಡೀ ಕರುಳು ಒಟ್ಟಿಗೆ ಚೇತರಿಸಿಕೊಳ್ಳುವುದಿಲ್ಲ. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ, ಜಠರ ಒಂದೆರಡು ದಿನಗಳಲ್ಲಿ, ದೊಡ್ಡ ಕರುಳು ಎರಡು ಮೂರು ದಿನಗಳಲ್ಲಿ ಕೆಲಸಕ್ಕೆ ಮರಳುತ್ತವೆ. ಗ್ಯಾಸ್ ಹೋಗುವುದು ಕೊನೆಯದಾಗಿ ಚೇತರಿಸಿಕೊಳ್ಳುವ ಭಾಗದ ಗುರುತು. ಅದಕ್ಕಾಗಿ ಕಾಯುವುದೆಂದರೆ ಆಗಲೇ ಸಿದ್ಧವಾಗಿರುವ ಸಣ್ಣ ಕರುಳನ್ನು ಖಾಲಿ ಕೂರಿಸಿದಂತೆ. ಕರುಳಿಗೆ ಹಾಕಿದ ಹೊಲಿಗೆ ಸೋರೀತೆಂಬ ಭಯದಿಂದ ಹುಟ್ಟಿದ ನಿಯಮ ಅದು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯೊಂದು 11 ಅಧ್ಯಯನಗಳ 837 ರೋಗಿಗಳ ವಿವರವನ್ನು ಒಟ್ಟುಗೂಡಿಸಿ ನೋಡಿತು. ಜೀರ್ಣಾಂಗದ ಆಪರೇಷನ್ ಆಗಿ 24 ಗಂಟೆಯೊಳಗೆ ಆಹಾರ ಶುರುಮಾಡಿದವರಲ್ಲಿ ಸೋಂಕು ಕಡಿಮೆಯಿತ್ತು, ಹೊಲಿಗೆ ಸೋರುವುದು ಹೆಚ್ಚಿರಲಿಲ್ಲ. ವಾಂತಿ ಮಾತ್ರ ತುಸು ಹೆಚ್ಚಿತ್ತು. ಹಾಗಾಗಿ ಗುಟುಕು ಗುಟುಕಾಗಿ ಶುರುಮಾಡಿ, ಹೊಟ್ಟೆ ತೊಳಸಿದರೆ ನಿಲ್ಲಿಸಬೇಕು. ಸಿಸೇರಿಯನ್‌ನಲ್ಲಂತೂ ಕರುಳನ್ನು ಕತ್ತರಿಸುವುದೇ ಇಲ್ಲ. ಎರಡು ಗಂಟೆಯೊಳಗೆ ಮಾಮೂಲಿ ಆಹಾರ ಕೊಡಬಹುದೆಂದು ಆಪರೇಷನ್ ನಂತರದ ಚೇತರಿಕೆ ಬೇಗನಾಗಲೆಂದು ದುಡಿಯುವ ಇರಾಸ್ ಸೊಸೈಟಿಯ 2019ರ ಮಾರ್ಗಸೂಚಿ ಹೇಳುತ್ತದೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆಂದು ಬಾಯಾರಿಸಿ ಕೂರಿಸಿದರೆ ಸಿಗುವುದು ಮಲಬದ್ಧತೆ ಮಾತ್ರ. ಆದರೂ ಯಾರಿಗೆ, ಯಾವಾಗ, ಏನು ಕೊಡಬೇಕೆಂಬುದು ಆಪರೇಷನ್ ಮಾಡಿದವರ ನಿರ್ಧಾರ. ಕರುಳು ಒಡೆದು ಕೀವಾಗಿದ್ದವರ ಸ್ಥಿತಿಯೂ ಸಿಸೇರಿಯನ್ ಆದವರ ಸ್ಥಿತಿಯೂ ಒಂದಲ್ಲ.

ನಂಬಿಕೆ: ಹೊಟ್ಟೆ ಉಬ್ಬಿದರೆ ಹರಳೆಣ್ಣೆ ಕುಡಿಸಿ, ಇಲ್ಲವೇ ಎನಿಮಾ ಕೊಡಿ.

ಸತ್ಯ: ಉಬ್ಬರಕ್ಕೆ ಕಾರಣ ಎರಡಿರಬಹುದು: ಕರುಳು ಮಂದವಾಗಿರುವುದು, ಅಥವಾ ಎಲ್ಲೋ ಸಿಕ್ಕಿಕೊಂಡು ದಾರಿಯೇ ಮುಚ್ಚಿರುವುದು. ದಾರಿ ಮುಚ್ಚಿರುವಾಗ ಭೇದಿಮದ್ದು ಕೊಟ್ಟರೆ ಕರುಳು ಅಡ್ಡಿಯ ವಿರುದ್ಧ ಇನ್ನಷ್ಟು ಹಿಂಡುತ್ತದೆ. ನೋವು ಹೆಚ್ಚುತ್ತದೆ, ಕರುಳು ಒಡೆಯಲೂಬಹುದು. ಎರಡರಲ್ಲಿ ಯಾವುದೆಂದು ಮನೆಯಲ್ಲಿ ಹೇಳಲಾಗದು, ಅದಕ್ಕೆ ಎಕ್ಸ್‌-ರೇ, ಬಹಳಷ್ಟು ಸಲ ಸಿಟಿ ಸ್ಕ್ಯಾನ್ ಬೇಕು. ಓಡಾಡಿದರೆ ಸರಿಹೋಗುತ್ತದೆ ಎನ್ನುವುದೂ ಅರ್ಧ ಸತ್ಯ: ನಡಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಅದಕ್ಕಾಗಿ ನಡೆಯಲೇಬೇಕು, ಮುಚ್ಚಿದ ಕರುಳನ್ನು ಅದು ತೆರೆಯುವುದಿಲ್ಲ.

ನಂಬಿಕೆ: ಗ್ಯಾಸ್ ಹೋಗಿದೆ, ಹೊಲಿಗೆ ಬಿಚ್ಚಿದ್ದಾರೆ, ಇನ್ನು ಭಯವಿಲ್ಲ.

ಸತ್ಯ: ಕರುಳಿನ ದಾರಿ ಮುಚ್ಚಿದ ಮೇಲೂ ಅಡಚಣೆಯ ಕೆಳಗಿನ ಭಾಗದಲ್ಲಿ ಉಳಿದಿದ್ದ ಗಾಳಿ, ಮಲ ಹೊರಬರುತ್ತವೆ. ದಾರಿ ಅರ್ಧ ಮಾತ್ರ ಮುಚ್ಚಿದ್ದರೆ ಭೇದಿಯೂ ಆಗಬಹುದು. ಆಪರೇಷನ್ ಗಾಯ ಒಳಗೆ ಮಾಯುವಾಗ ಎಳೆಎಳೆಯಾಗಿ ಅಂಟು ಬೆಳೆದು, ವರ್ಷಗಳ ನಂತರವೂ ಕರುಳನ್ನು ಸಿಕ್ಕಿಸಬಹುದು. ಸ್ಕಾಟ್ಲೆಂಡಿನಲ್ಲಿ ನಡೆದು 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನವು ರೋಗಿಗಳನ್ನು 10 ವರ್ಷ ಗಮನಿಸಿತು. ಅಂಟಿಗೆ ಸಂಬಂಧಿಸಿದ ಮರುಭರ್ತಿ ಮೊದಲ ವರ್ಷವೇ ಹೆಚ್ಚಿದ್ದರೂ ಹತ್ತು ವರ್ಷವೂ ನಿಲ್ಲಲಿಲ್ಲ. ಆದ್ದರಿಂದ ಅಲೆ ಅಲೆಯಾಗಿ ಹಿಂಡುವ ನೋವು, ಏರುತ್ತಿರುವ ಉಬ್ಬರ, ಹಸಿರು ವಾಂತಿ, ಇವುಗಳನ್ನು ಒಟ್ಟಿಗೆ ನೋಡಬೇಕು. ನೋವು ಬಿಡುವಿಲ್ಲದೆ ಒಂದೇ ಸಮನಾದರೆ, ಜ್ವರವೋ ನಾಡಿಯ ಓಟವೋ ಜೊತೆಯಾದರೆ, ಕರುಳಿಗೆ ರಕ್ತ ನಿಂತಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಇಲ್ಲೊಂದು ಆಕ್ಷೇಪ ಏಳುತ್ತದೆ: ಬೇಗ ಉಣ್ಣಿ ಎಂದ ವೈದ್ಯರೇ ಅಡಚಣೆಯಾದಾಗ ಬಾಯಿ ಕಟ್ಟಿಸುವುದು ವಿರೋಧಾಭಾಸವಲ್ಲವೇ? ಅಲ್ಲ, ಎರಡು ಬೇರೆ ಸ್ಥಿತಿಗಳಿಗೆ ಎರಡು ಬೇರೆ ನಿಯಮ. ಅಡಚಣೆಯಾದರೆ ಆಹಾರ ನಿಲ್ಲಿಸಿ, ಡ್ರಿಪ್ ಹಾಕಿ, ಮೂಗಿನ ನಳಿಕೆಯಿಂದ ಜಠರವನ್ನು ಖಾಲಿ ಮಾಡುತ್ತಾರೆ. ಅಂಟಿನ ಅಡಚಣೆಯಲ್ಲಿ ರಕ್ತ ನಿಂತ ಲಕ್ಷಣವಿಲ್ಲದಿದ್ದರೆ 72 ಗಂಟೆಯವರೆಗೆ ಹೀಗೆ ಕಾದು ನೋಡಬಹುದು. ಅನೇಕರಿಗೆ ಮತ್ತೆ ಆಪರೇಷನ್ ಬೇಕಾಗುವುದೇ ಇಲ್ಲ. ‘ಆಸ್ಪತ್ರೆಗೆ ಹೋದರೆ ಮತ್ತೆ ಕೊಯ್ಯುತ್ತಾರೆ’ ಎಂದು ಹೆದರಿ ತಡಮಾಡಿದಷ್ಟೂ ಕೊಯ್ಯಬೇಕಾದ ಸಂದರ್ಭ ಹತ್ತಿರವಾಗುತ್ತದೆ. ಹೋದಾಗ ಹಳೆಯ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಹದಿನೈದು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ ಆದರೂ ಸರಿ, ಕೇಳದಿದ್ದರೂ ತಿಳಿಸಿ.